ಮರಳಿ ಕೇಳಿದ ಸಕ್ಕರೆ ಆರತಿ

ಗೌರಿ ಹುಣ್ಣಿವೆ ಬಂತೆಂದರೆ ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಮನೆಮನೆಗೂ ಸಕ್ಕರೆ ಆರತಿಯ ಸಂಭ್ರಮ. ಸಕ್ಕರೆ ಪಾಕವನ್ನು ಕಟ್ಟಿಗೆಯ ಅಚ್ಚಿಗೆ ಹೊಯ್ದರೆ ಗಿಳಿ, ಆನೆ, ಕಳಸ ಮೂಡುತ್ತವೆ. ಹೆಣ್ಣುಮಕ್ಕಳು ಅವನ್ನು ತಟ್ಟೆಯಲ್ಲಿಟ್ಟು ಗೌರಿಗೆ ಬೆಳಗಿ, ಆಮೇಲೆ ಓಣಿಯ ಮಕ್ಕಳಿಗೆ ಹಂಚುತ್ತಾರೆ.

ಹೋದ ವರ್ಷ ಕಸ್ತೂರೆವ್ವನ ಮನೆಯಲ್ಲಿ ಪಾಕ ಹೊಯ್ದವಳು ಹೊಸ ಸೊಸೆ ರೇಣವ್ವ. ಆ ಮನೆಯವರದು ನೂಲಿಗೆ ಬಣ್ಣ ಹಾಕುವ ಕೆಲಸ. ಕಸ್ತೂರೆವ್ವ ಕೆಂಪು ಬಣ್ಣದ ಡಬ್ಬಿ ತಂದು ಮುಂದಿಟ್ಟಳು.

“ಒಂದ ಚಿಟಿಕಿ ಹಾಕವಾ. ಪ್ಯಾಟ್ಯಾಗಿನ ಆರತಿ ನಾಚಬೇಕು.”

ರೇಣವ್ವ ತನ್ನ ಬೆರಳು ನೋಡಿಕೊಂಡಳು. ಆ ಬಣ್ಣ ಹತ್ತಿದರೆ ಎಂಟು ದಿನ ತಿಕ್ಕಿದರೂ ಹೋಗುವುದಿಲ್ಲ. ಹೊಟ್ಟೆಗೆ ಹೋದರೆ ಏನು ಗತಿ ಎನ್ನಿಸಿತು. ಆದರೆ ಅತ್ತೆಗೆ ಎದುರಾಡುವುದು ಹೇಗೆ? ಕಣ್ಣು ಕೆಳಗೆ ಮಾಡಿ ಕಲಸಿದಳು.

ಹಬ್ಬದ ಮರುದಿನ ರೇಣವ್ವನ ನಾದಿನಿಯ ಆರು ವರ್ಷದ ಮಗಳು ಗುಡ್ಡವ್ವ ವಾಂತಿ ಮಾಡಿಕೊಂಡು ಮಲಗಿಬಿಟ್ಟಳು. ಟಾಂಗಾದಲ್ಲಿ ಬಂದ ನರ್ಸ್ ಚನ್ನಬಸವ್ವ ನಾಡಿ ಹಿಡಿದರು.

“ಏನ ತಿಂದಾಳ ಹುಡುಗಿ?”

“ಏನಿಲ್ರೀ ಬಾಯಾರ. ಯಾರದೋ ದೃಷ್ಟಿ ತಾಕೇತಿ,” ಎಂದಳು ಕಸ್ತೂರೆವ್ವ.

ಮಗುವಿನ ನಾಲಿಗೆ ಇನ್ನೂ ಕೆಂಪಗಿತ್ತು. ರೇಣವ್ವ ಹಿಡಿಯಾಗಿ ನಿಂತಿದ್ದಳು. “ಆರತ್ಯಾಗ ನೂಲಿನ ಬಣ್ಣ ಐತ್ರಿ. ಕಲಸಿದಾಕಿ ನಾನ.”

“ಸುಮ್ಮನಿರು ನೀ. ನಮ್ಮವ್ವನ ಕಾಲದಾಗೂ ಬಣ್ಣದ ಆರತಿ ಇದ್ದವು. ಯಾರಿಗೇನಾಗಿತ್ತು?” ಎಂದು ಅತ್ತೆ ಗದರಿದಳು.

“ಆವಾಗ ಅರಿಷಿಣ, ಕೇಸರಿ ಹಾಕ್ತಿದ್ರು ಯವ್ವಾ,” ಎಂದರು ನರ್ಸ್. “ಹೊಟ್ಟಿ ಅಂದ್ರ ನೂಲಿನ ಲಡಿ ಅಂತ ತಿಳದೀರೇನು? ಎಷ್ಟ ಮನಿಗಿ ಕೊಟ್ಟೀರಿ?”

“ಒಂಬತ್ರಿ,” ಎಂದಳು ರೇಣವ್ವ.

“ಹಂಗಾರ ಲಗೂ ಹೋಗಿ ಇಸ್ಕೊಂಡ ಬಾ.”

ಹಬ್ಬದ ಆರತಿ ಕೊಟ್ಟು ಮರಳಿ ಕೇಳಿದವರನ್ನು ಆ ಓಣಿ ಕಂಡಿರಲಿಲ್ಲ. ಅಚ್ಚು ತಪ್ಪಿತ್ತೆಂದು ಸುಳ್ಳು ಹೇಳಿದರಾಯಿತು ಎಂದುಕೊಂಡು ರೇಣವ್ವ ಮೊದಲ ಬಾಗಿಲಲ್ಲಿ ನಿಂತು ಆರತಿ ಮರಳಿ ಕೇಳಿದಳು. ಆ ಮನೆಯ ಯಂಕವ್ವ ನಕ್ಕಳು.

“ಯಾಕವಾ, ಸಕ್ರಿ ತುಟ್ಟಿ ಆತೇನು?”

ರೇಣವ್ವನ ಕಿವಿ ಬಿಸಿಯಾದವು. ಸುಳ್ಳು ಬಾಯಿಗೆ ಬರಲಿಲ್ಲ. “ಅದರಾಗ ನೂಲಿನ ಬಣ್ಣ ಐತ್ರಿ. ನನಗ ಸಂಶೇ ಬಂದಿತ್ತು, ಬಾಯಿ ಬಿಡಲಿಲ್ಲ.”

ಯಂಕವ್ವನ ನಗು ನಿಂತಿತು. ಒಳಗೆ ಓಡಿ ಗಿಳಿಗಳನ್ನು ತಂದು ಉಡಿಗೆ ಸುರಿದಳು.

ಕೊನೆಯ ಮನೆ ಮಕ್ತುಮಬಿಯದು. ಆಕೆ ಮುರಿದ ಆನೆಯನ್ನು ಅಂಗೈಯಲ್ಲಿ ಹಿಡಿದು ಕೇಳಿದಳು: “ಮೊಮ್ಮಗಳು ಸೊಂಡಿಲ ತಿಂದಾಳ, ಬೇಟಿ. ಏನೂ ಆಗೂದಿಲ್ಲಲ್ಲಾ?”

ರೇಣವ್ವ ಆ ಮಗುವನ್ನು ಬಗಲಿಗೆತ್ತಿಕೊಂಡು ದವಾಖಾನೆಗೆ ನಡೆದಳು. ದಾರಿಯುದ್ದಕ್ಕೂ ತಲೆ ಎತ್ತಲಿಲ್ಲ.

ದೇವರ ದಯೆ, ಎರಡೂ ಮಕ್ಕಳು ಚೇತರಿಸಿಕೊಂಡವು. ಮೂರನೆಯ ದಿನ ಸಂಜೆ ಕಸ್ತೂರೆವ್ವ ಓಣಿಯವರನ್ನು ಕರೆದು ಮಕ್ಕಳಿಂದ ಗೌರಿಯ ಹಾಡು ಹೇಳಿಸಿದಳು. ತಟ್ಟೆಯಲ್ಲಿ ದೀಪ, ಚೆಂಡುಹೂವು. ಕೈಗೆ ಹುರಿದ ಶೇಂಗಾ, ಬೆಲ್ಲದ ಚೂರು, ಬಾಳೆಹಣ್ಣು. ಹಾಡಿನ ಗದ್ದಲದಲ್ಲಿ ಗಿಳಿ, ಆನೆ ಬೇಕೆಂದು ಯಾವ ಮಗುವೂ ಕೇಳಲಿಲ್ಲ.

“ಬಣ್ಣ ಹಾಕಿ ಹಬ್ಬ ಕೆಡಿಸಿದ್ಲು ನಿಮ್ಮ ಸೊಸಿ,” ಎಂದಳು ಯಂಕವ್ವ.

ಕಸ್ತೂರೆವ್ವ ನೆಲ ನೋಡುತ್ತ ಹೇಳಿದಳು: “ಡಬ್ಬಿ ತಂದಿಟ್ಟಾಕಿ ನಾನ. ಮನಿಮನಿ ತಿರಿಗಿದಾಕಿ ಅಕಿ. ನಾ ಒಳಗ ಕುಂತಿದ್ದೆ.”

ತಾಯಂದಿರಾ, ಅಕ್ಕತಂಗಿಯರಾ, ಹಬ್ಬ ಹತ್ತಿರ ಬಂದಿದೆ. ನೂಲಿನ ಬಣ್ಣ ನೂಲಿಗೇ ಇರಲಿ. ಸಕ್ಕರೆ ಆರತಿ ಬೇಕೇ ಬೇಕೆಂದರೆ ಬಿಳಿಯದು ಮಾಡಿ, ಸಣ್ಣದು ಮಾಡಿ. ಮಕ್ಕಳ ಕೈಗೆ ಶೇಂಗಾ, ಹಣ್ಣು ಕೊಟ್ಟು ಹಾಡು ಹೇಳಿಸಿ. ನಿಮ್ಮ ಮನೆಯಲ್ಲಿ ಹಿರಿಯರೇ ಅಂಥ ಡಬ್ಬಿ ತಂದರೂ ಕಲಸುವ ಮೊದಲೇ ಬೇಡವೆನ್ನಿ. ರೇಣವ್ವ ಆ ಒಂದು ಮಾತು ಆಡಿದ್ದರೆ ಒಂಬತ್ತು ಬಾಗಿಲು ತಟ್ಟಬೇಕಾಗುತ್ತಿರಲಿಲ್ಲ.