ಕಾಲೆತ್ತಿದ ಆನೆ

ಗುಡಿಯ ಬಾಗಿಲ ಎಡಕ್ಕೆ ಅಣ್ಣ ಕೆತ್ತಿದ ಕಲ್ಲಾನೆ, ಬಲಕ್ಕೆ ತಮ್ಮ ಕೆತ್ತಿದ್ದು. ಅಣ್ಣನ ಆನೆಯನ್ನು ಕಂಡ ಊರ ಕುದುರೆಗಳೆಲ್ಲ ಬೇರೆ ಬೀದಿ ಹಿಡಿದವು, ಅಷ್ಟು ಜೀವಂತ! ತಮ್ಮನದಕ್ಕೆ ಅಳತೆ ತಪ್ಪಿ ಮುಂಗಾಲೊಂದು ನೆಲವನ್ನೇ ಮುಟ್ಟದು. ಆದರೆ ಕಲ್ಲುಪುಡಿ ಗುಡಿಸುವ ಮೊದಲೇ ಊರು ತೋರಿಸುವವನು ಪುರಾಣ ಕಟ್ಟಿದ: “ನೋಡ್ರಪ್ಪಾ, ಊರಿಗೆ ಕಷ್ಟ ಬಂದ್ರೆ ಎದ್ದು ಹೊರಡೋಕೆ ಕಾಲೆತ್ತಿರೋ ಆನೆ.” ಜನ ಬಲಕ್ಕೇ ಮುಗಿಬಿದ್ದರು.

ಅಣ್ಣನ ಹೊಟ್ಟೆಯುರಿಗೆ ಹತ್ತೂರಿನ ಅನ್ನ ಬೇಯುತ್ತಿತ್ತು. ಕೊನೆಗೆ ಉಳಿ ಹಿಡಿದು ತನ್ನ ಆನೆಯ ಕಾಲನ್ನೂ ಗೇಣುದ್ದ ಕೆತ್ತಿಹಾಕಿದ.

“ತಮ್ಮನ ಆನೆ ಕುಂಟಿದ್ರೆ ನಿಮಗ್ಯಾಕ್ರೀ ಕಾಲುನೋವು?” ಎಂದಳು ಹೆಂಡತಿ.

ಮರುದಿನ ಊರು ತೋರಿಸುವವನು ಮೊದಲ ಸಲ ಎಡಕ್ಕೆ ತಿರುಗಿದ. ಅಣ್ಣ ಉಸಿರು ಬಿಗಿಹಿಡಿದು ನಿಂತ.

“ಇದು ಅದರ ನಕಲು,” ಎಂದನವನು. “ಯಾರೋ ಕಲಿಯೋ ಹುಡುಗ ಕೆತ್ತಿದ್ದಂತೆ.”