ಗಿಳಿ ಕಚ್ಚಿದ ಪೇರಲ

ಊರ ಹೊರಗಿನ ಸಪ್ತಾಪುರದಲ್ಲಿ ಮನೆ ಕಟ್ಟಿಸಿಕೊಂಡು ಹೋಗುವವರನ್ನು ಧಾರವಾಡದ ಪೇಟೆಯ ಜನ ಆಗ ಕಾಶಿಗೆ ಹೊರಟವರನ್ನು ನೋಡಿದಂತೆ ನೋಡುತ್ತಿದ್ದರು: ಪುಣ್ಯ ಬರಬಹುದು, ಮನುಷ್ಯ ಮರಳಿ ಬರುವುದು ಸಂಶಯ. ವಕೀಲ ಬಿಂದುಮಾಧವ ೧೯೩೬ರಲ್ಲಿ ಅಲ್ಲೊಂದು ಹಂಚಿನ ಬಂಗಲೆ ಕಟ್ಟಿಸಿದ. ಕಾರಣ ಕೇಳಿದವರಿಗೆಲ್ಲ ‘ಹವಾ’ ಎಂದ. ಹವೆ ನಿಜಕ್ಕೂ ಒಳ್ಳೆಯದಿತ್ತು. ಅದನ್ನು ಸೇವಿಸಲು ಅವನ ಹೆಂಡತಿ ಸುಹಾಸಿನಿ, ಅವಳ ಗ್ರಾಮೋಫೋನು ಮತ್ತು ಅವನ ಸೋದರತ್ತೆ ಅಂಬಾಬಾಯಿ ಜೊತೆಗೆ ಬಂದರು.

ಅಂಬಾಬಾಯಿಗೆ ಐವತ್ತು ದಾಟಿತ್ತು. ಇನ್ನೂ ಲಂಗ ಉಡುವ ವಯಸ್ಸಿನಲ್ಲಿ ಗಂಡ ಸತ್ತಿದ್ದ. ಅವನ ಮುಖ ಅವಳಿಗೆ ನೆನಪಿರಲಿಲ್ಲ. ನೆನಪಿದೆ ಎನ್ನುವುದು ಪದ್ಧತಿ, ಆದ್ದರಿಂದ ಹಾಗೆ ಹೇಳುತ್ತಿದ್ದಳು. ಬೋಳುತಲೆಯ ಮೇಲೆ ಕೆಂಪು ಸೀರೆಯ ಸೆರಗು. ನಸುಕಿನಲ್ಲಿ ಬಾವಿಯ ತಣ್ಣೀರು ಸುರಿದುಕೊಂಡು ಮಡಿಯಾದಳೆಂದರೆ ಊಟ ಮುಗಿಯುವವರೆಗೆ ಅವಳನ್ನು ಯಾರೂ ಮುಟ್ಟುವಂತಿಲ್ಲ. ಊಟ ಮುಗಿದ ಮೇಲೆ ಮುಟ್ಟಬಹುದಿತ್ತು, ಆದರೆ ಆ ಹೊತ್ತಿಗೆ ಮುಟ್ಟುವ ಕಾರಣ ಯಾರಿಗೂ ಇರುತ್ತಿರಲಿಲ್ಲ.

ಪೇಟೆಯ ಹಳೆಯ ವಾಡೆಯ ಮನೆಯಲ್ಲಿ ಇದು ಕಷ್ಟವೆನಿಸಿರಲಿಲ್ಲ. ಅಲ್ಲಿ ಹಿತ್ತಲ ಪಡಸಾಲೆಯಲ್ಲಿ ಅವಳಂಥವರೇ ನಾಲ್ವರು ಮಧ್ಯಾಹ್ನ ಕೂಡಿ ಹೂಬತ್ತಿ ಹೊಸೆಯುತ್ತ ಇಡೀ ಓಣಿಯನ್ನು ವಿಚಾರಣೆಗೆ ತೆಗೆದುಕೊಳ್ಳುತ್ತಿದ್ದರು. ನಾಲ್ಕು ಜನ ಕೂಡಿದರೆ ಮಡಿಯೂ ಒಂದು ಸಂಸಾರ. ಒಬ್ಬಳೇ ಇದ್ದರೆ ಅದು ಬರೀ ದೂರ. ಸಪ್ತಾಪುರಕ್ಕೆ ಬಂದ ಮೇಲೆ ಅವಳು ಹೊಸೆದ ಬತ್ತಿಗಳು ಇನ್ನೊಂದು ಜನ್ಮಕ್ಕೂ ಸಾಕಾಗುವಷ್ಟಾದವು. ಮಾತು ಮಾತ್ರ ಒಳಗೇ ಉಳಿಯಿತು.

ಹೀಗಿರುವಾಗ ದೀಪಾವಳಿ ದಾಟಿ ಹಿತ್ತಲಿನ ಪೇರಲ ಗಿಡಗಳು ಹಣ್ಣಾದವು, ಗಿಳಿಗಳು ಬಂದವು.

ಮೊದಲು ಅವುಗಳ ಕಿರುಚಾಟಕ್ಕೆ ಅಂಬಾಬಾಯಿ ಬೈದಳು. ಆಮೇಲೆ ಬೈಯಲಿಕ್ಕೆಂದೇ ಹೊರಗೆ ಬರತೊಡಗಿದಳು. ಕೊನೆಗೆ ಬೈಯುವುದನ್ನು ಬಿಟ್ಟು ಬರೀ ಬಂದು ಕೂತಳು. ಎಲೆಗಿಂತ ತುಸು ತಿಳಿಯಾದ ಹಸಿರು. ಕತ್ತಿಗೆ ಗುಲಾಬಿ ಗೆರೆ. ಎಲೆಯೆಂದುಕೊಂಡದ್ದು ಹೊರಳಿ ನೋಡಿದರೆ ಕೆಂಪು ಕೊಕ್ಕು. ಅವುಗಳ ನಡುವೆ ಇನ್ನೊಂದು ಜಾತಿ, ಚಿಕ್ಕವು: ನೇರಳೆಹಣ್ಣು ಹಿಂಡಿ ಕುಂಕುಮ ಬೆರೆಸಿ ಮೆತ್ತಿದಂಥ ತಲೆ, ಹಳದಿ ಕೊಕ್ಕು, ನೀಲಿ ಬಾಲದ ತುದಿಗೆ ಸುಣ್ಣ ಅದ್ದಿದಷ್ಟು ಬಿಳಿ. ಇಷ್ಟೊಂದು ಬಣ್ಣ ಆ ಮನೆಯ ಹಿಂದುಗಡೆಗೆ ಬಂದದ್ದು ಅದೇ ಮೊದಲು. ಮುಂದುಗಡೆ ಸುಹಾಸಿನಿಯ ಸೀರೆಗಳಿದ್ದವು, ಆದರೆ ಅವು ಹಾರುತ್ತಿರಲಿಲ್ಲ.

ಗಿಳಿ ಎಂಥ ಹಣ್ಣನ್ನೂ ಪೂರಾ ತಿನ್ನುವುದಿಲ್ಲ. ಒಂದು ಕಚ್ಚಿ, ರುಚಿ ನೋಡಿ, ಕೆಳಗೆ ಒಗೆದು ಮತ್ತೊಂದಕ್ಕೆ ಹೋಗುತ್ತದೆ. ಶಾಸ್ತ್ರದ ಪ್ರಕಾರ ಹಕ್ಕಿ ಕಚ್ಚಿ ಕೆಡವಿದ ಹಣ್ಣು ಎಂಜಲಲ್ಲ, ಶುದ್ಧ. ನೀರನ್ನೂ ಕಟ್ಟಿಗೆಯನ್ನೂ ಶಂಕಿಸುವ ಶಾಸ್ತ್ರ ಗಿಳಿಯ ಕೊಕ್ಕಿನ ಮೇಲೆ ಏಕೆ ಇಷ್ಟು ವಿಶ್ವಾಸ ಇಟ್ಟಿತೋ, ಅಂತೂ ಇಟ್ಟಿದೆ. ಸುಹಾಸಿನಿ ಆ ಹಣ್ಣು ಕಂಡರೆ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಅವಳು ರೋಗಜಂತುಗಳ ಬಗ್ಗೆ ಓದಿದ್ದಳು. ಅಂಬಾಬಾಯಿ ಆಯ್ದು, ತೊಳೆದು, ತಿನ್ನುತ್ತಿದ್ದಳು. ಅವಳ ಜೀವಮಾನದಲ್ಲಿ ಇನ್ನೊಂದು ಪ್ರಾಣಿಯೊಡನೆ ಹಂಚಿಕೊಂಡು ತಿಂದದ್ದು ಇದೊಂದೇ.

ಆ ವರ್ಷ ಊರಲ್ಲಿ ಫಲಪುಷ್ಪ ಪ್ರದರ್ಶನವಾಗುವುದಿತ್ತು. ಬಿಂದುಮಾಧವನಿಗೆ ತನ್ನ ಪೇರಲ ಅಲ್ಲಿಗೆ ಹೋಗಬೇಕೆಂದು ಹುಕಿ ಬಂತು. ಹಣ್ಣಿನ ಮೇಲೆ ಒಂದು ಗೀರೂ ಇರಬಾರದಂತೆ. ಹೀಗಾಗಿ ಗಿಳಿ ಕಾಯಲು ಲಕಮನಹಳ್ಳಿಯ ಮೈಲಾರಪ್ಪ ಬಂದ. ಅರವತ್ತರ ಆಸುಪಾಸಿನವ; ಕೈಯಲ್ಲಿ ಕವಣೆ, ಚಿಮಣಿ ಎಣ್ಣೆಯ ಖಾಲಿ ಡಬ್ಬಿ, ಅದನ್ನು ಬಡಿಯಲು ಒಂದು ಕೋಲು. ಜಾತಿಯಿಂದ ಅವನು ಬಾವಿಯ ಹತ್ತಿರ ಬರುವಂತಿರಲಿಲ್ಲ. ಬಿಂದುಮಾಧವ ಖಾದಿ ಉಡುತ್ತಿದ್ದ, ಇಂಥ ಭೇದಗಳ ವಿರುದ್ಧ ಸಭೆಯಲ್ಲಿ ಚೆನ್ನಾಗಿ ಮಾತಾಡುತ್ತಿದ್ದ. ಆದರೆ ಮೈಲಾರಪ್ಪನಿಗೆ ಹಿತ್ತಲ ಗೋಡೆಯ ಆಚೆ ಮೂಲೆಯನ್ನು ತೋರಿಸಿ, ದನಿ ತಗ್ಗಿಸಿ, “ನನಗೇನೂ ಇಲ್ಲೋ ಮಾರಾಯಾ, ನಮ್ಮ ಅತ್ಯಾನ ಮಡಿ ಅದ ನೋಡು” ಎಂದ. ಆ ಮನೆಯ ಎಲ್ಲ ಹಳೆಯ ಪದ್ಧತಿಗಳೂ ಅತ್ಯಾಳ ಹೆಸರಿನಲ್ಲೇ ಇದ್ದವು.

ಮೊದಲ ದಿನ ಡಬ್ಬಿಯ ಸದ್ದಿಗೆ ಗಿಡ ಬರಿದಾಯಿತು. ಅಂಬಾಬಾಯಿ ಅಡಿಗೆಮನೆಯ ಹಿಂಬಾಗಿಲಲ್ಲಿ ನಿಂತು ಕೂಗಿದಳು: “ಏನಪಾ, ಗಿಣಿ ಓಡಸಾಕ ಬಂದೀಯೋ, ನಮ್ಮ ಕಿವಿ ಹರಿಯಾಕ ಬಂದೀಯೋ?”

“ಎರಡಕ್ಕೂ ಅದೇ ಪಗಾರ ಐತ್ರೆವ್ವಾ,” ಎಂದ ಮೈಲಾರಪ್ಪ ಗೋಡೆಯಾಚೆಯಿಂದ.

ಅಂಬಾಬಾಯಿಗೆ ನಗು ಬಂತು. ಎಷ್ಟು ದಿನದ ಮೇಲೆ ಬಂತೆಂದರೆ ಕೆಮ್ಮೆಂದು ತಿಳಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಮರುದಿನ ಅವಳೇ ಸುರು ಮಾಡಿದಳು. “ಅಷ್ಟ್ಯಾಕ ಬಡೀತಿಯೋ? ನಾಕು ಕೂಡ್ಲಿ ಬಿಡು.”

“ಅವು ಕೂತ್ರ ನಾ ಮನಿಗೆ ಹೋಗಬೇಕಾಗ್ತೈತ್ರಿ.”

“ರಾಯರು ಕೋರ್ಟಿಗೆ ಹೋಗ್ಯಾರಲ್ಲ.”

ಮೈಲಾರಪ್ಪ ಸ್ವಲ್ಪ ವಿಚಾರ ಮಾಡಿ ಕೋಲು ಕೆಳಗಿಟ್ಟ. ಅಂದಿನಿಂದ ಒಂದು ವ್ಯವಸ್ಥೆ ತಾನಾಗಿ ಕೂಡಿತು. ಬಿಂದುಮಾಧವ ಟಾಂಗಾ ಹತ್ತಿದ ಮೇಲೆ ಗಿಳಿಗಳು ಇಳಿಯುತ್ತಿದ್ದವು. ಸಂಜೆ ಟಾಂಗಾದ ಗಂಟೆ ಕೇಳಿತೆಂದರೆ ಮೈಲಾರಪ್ಪ ಲಡಾಯಿ ಸುರುವಾದಂತೆ ಡಬ್ಬಿ ಬಡಿಯುತ್ತಿದ್ದ. “ಮನಶಾ ಭಾಳ ಪ್ರಾಮಾಣಿಕ ಇದ್ದಾನ” ಎಂದು ಬಿಂದುಮಾಧವ ಹೆಂಡತಿಗೆ ಹೇಳುತ್ತಿದ್ದ. ಹಣ್ಣಿಗೆ ಗೀರು ಬೀಳುವುದು ಮಾತ್ರ ನಿಲ್ಲಲಿಲ್ಲ. ಅದಕ್ಕೆ ಮೈಲಾರಪ್ಪ ಬಾವಲಿಗಳನ್ನು ದೂರುತ್ತಿದ್ದ.

ಅವಳು ಬಾವಿಯ ಈ ಬದಿ, ಅವನು ಗೋಡೆಯ ಆ ಬದಿ. ಆಡಿದ ಮಾತೆಲ್ಲ ಕೂಗಿಯೇ ಆಡಬೇಕು. ಆದರೂ ಗುಟ್ಟಾಗಿಯೇ ಉಳಿಯಿತು, ಏಕೆಂದರೆ ಮುಂದುಗಡೆ ಗ್ರಾಮೋಫೋನು ಹಾಡುತ್ತಿತ್ತು. ಗಿಳಿಗಳ ಬಗ್ಗೆ ಮೈಲಾರಪ್ಪನಿಗೆ ಗೊತ್ತಿದ್ದದ್ದು ಕಡಿಮೆ, ಹೇಳುತ್ತಿದ್ದದ್ದು ಬಹಳ. ಅವು ಗೋವೆಯ ಸಮುದ್ರದಲ್ಲಿ ಮಿಂದು ಬರುತ್ತವೆ ಎಂದ. ಮೆಣಸಿನಕಾಯಿ ತಿಂದದ್ದರಿಂದ ಕೊಕ್ಕು ಕೆಂಪಾಯಿತು ಎಂದ. ಹಾಗಾದರೆ ಹಳದಿ ಕೊಕ್ಕಿನವು ಏನು ತಿಂದವೆಂದು ಅಂಬಾಬಾಯಿ ಕೇಳಿದ್ದಕ್ಕೆ, “ಅವು ಬಡವರ ಪೈಕಿ ಇರಬೇಕ್ರಿ, ಬರೇ ಬ್ಯಾಳಿ” ಎಂದ.

ಒಂದು ದಿನ ಚಿಕ್ಕ ಗಿಳಿಗಳನ್ನು ತೋರಿಸಿದ. “ನೋಡ್ರೆವ್ವಾ, ಒಂದೊಂದಕ್ಕ ತಲಿ ತುಂಬ ಕುಂಕುಮ. ಒಂದೊಂದು ಬರೇ ಬೂದಿ ಬಣ್ಣ. ಆ ಬೂದಿ ತಲಿಯವು ಗಂಡ ಸತ್ತವು ಇರಬೇಕ್ರಿ...”

ಹೇಳಿದ ಮೇಲೆ ಯಾರ ಮುಂದೆ ಹೇಳಿದೆನೆಂದು ಹೊಳೆದು ನಾಲಿಗೆ ಕಚ್ಚಿಕೊಂಡ.

“ಅಂದ್ರ ನಮ್ಮ ಮಂದಿನೇ,” ಎಂದಳು ಅಂಬಾಬಾಯಿ. “ಆದ್ರ ನೋಡು, ಕುಂಕುಮದವನ್ನ ದೂಡಿ ಹಣ್ಣು ತಾವೇ ತಿನ್ನಲಿಕತ್ತಾವ.”

ಹಣ್ಣಿನ ವಿಷಯ ಬಂದದ್ದು ಆಮೇಲೆ. ಮೈಲಾರಪ್ಪನಿಗೆ ಆ ಮುದುಕಿ ನೆಲದಲ್ಲಿ ಬಿದ್ದದ್ದನ್ನು ಆಯುವುದು ಸರಿಬರಲಿಲ್ಲ. ಗೋಡೆಯಾಚೆಗೆ ಚಾಚಿದ ಟೊಂಗೆಯ ತುದಿಯಿಂದ ಹಳದಿಯಾದ ದೊಡ್ಡ ಹಣ್ಣೊಂದನ್ನು ಹರಿದು ಗೋಡೆಯ ಮೇಲಿಟ್ಟು ದೂರ ಸರಿದ. “ತಗೋರೆವ್ವಾ.” ಅಂಬಾಬಾಯಿ ನೋಡಿದಳು. ಪೇಟೆಯಿಂದ ಬಂದ ಹಣ್ಣು ಯಾರ್‍ಯಾರ ಕೈ ದಾಟಿ ಬಂತೆಂದು ಯಾರೂ ಕೇಳುವುದಿಲ್ಲ. ಈ ಕೈಯನ್ನು ಕಣ್ಣಾರೆ ಕಂಡಿದ್ದಳು. ಎಷ್ಟು ತೊಳೆದರೂ ಅದು ನಡೆಯುವಂತಿರಲಿಲ್ಲ. ಅವಳು ಕೈ ಚಾಚಲಿಲ್ಲ, ಒಳಗೂ ಹೋಗಲಿಲ್ಲ. ಅವನಿಗೂ ಅರ್ಥವಾಗಿ ಅತ್ತ ಮುಖ ತಿರುಗಿಸಿದ. ಹಣ್ಣು ಇಬ್ಬರ ನಡುವೆ ಗೋಡೆಯ ಮೇಲೆ ನಾಚಿಕೆಯಂತೆ ಕೂತಿತ್ತು.

ಅಷ್ಟರಲ್ಲಿ ಬೂದಿ ತಲೆಯದೊಂದು ಗಿಳಿ ಇಳಿದು ಬಂತು. ಗೋಡೆಯ ಮೇಲೆ ಓರೆಯಾಗಿ ನಡೆದು, ಹಣ್ಣಿನ ಸುತ್ತ ತಿರುಗಿ, ಒಂದು ಕಡೆ ಕಚ್ಚಿ, ಮೆಚ್ಚದೆ ಹಾರಿಹೋಯಿತು.

ಅಂಬಾಬಾಯಿ ತಾಮ್ರದ ತಂಬಿಗೆ ತಂದಳು. ನೀರು ಚಿಮುಕಿಸಿ ಹಣ್ಣು ತೆಗೆದುಕೊಂಡಳು.

ಮರುದಿನದಿಂದ ಮೈಲಾರಪ್ಪ ಎಲ್ಲಕ್ಕಿಂತ ಒಳ್ಳೆಯ ಹಣ್ಣು ನೋಡಿ ಗೋಡೆಯ ಮೇಲಿಡುತ್ತಿದ್ದ. ಗಿಡದತ್ತ ಡಬ್ಬಿಯನ್ನು ಮೆಲ್ಲಗೆ ತಟ್ಟಿ, ಗಿಳಿಗಳು ಬೇರೆ ದಾರಿಯಿಲ್ಲದೆ ಗೋಡೆಗೇ ಬರುವಂತೆ ಮಾಡುತ್ತಿದ್ದ. ಒಂದು ಗಿಳಿ ಕಚ್ಚಿದರೆ ಸಾಕು, ಅಂಬಾಬಾಯಿಯ ತಂಬಿಗೆ ಸಿದ್ಧ. ಕೆಲವು ಸಲ ಗಿಳಿಗೆ ಮನಸ್ಸಾಗುತ್ತಿರಲಿಲ್ಲ. ಆಗ ಇಬ್ಬರೂ ಪುರೋಹಿತನಿಗೆ ಕಾದವರಂತೆ ಕಾಯುತ್ತಿದ್ದರು. “ಕಚ್ಚೋ ನಮ್ಮಪ್ಪಾ, ಅವ್ವಾರಿಗೆ ಹಸಿವ್ಯಾಗೇತಿ,” ಎಂದು ಮೈಲಾರಪ್ಪ ರಮಿಸುತ್ತಿದ್ದ.

ಕ್ರಿಸ್‌ಮಸ್ಸಿಗೆ ಕೋರ್ಟು ಮುಚ್ಚಿತು. ರಜೆಯೆಂಬುದು ಹಿತ್ತಲಿನವರಿಗೆ ಗೊತ್ತಿರಲಿಲ್ಲ; ಕೋರ್ಟಿನ ಹೊತ್ತು ಮೀರಿದ್ದರಿಂದ ರಾಯರು ಹೋಗಿರಬೇಕೆಂದೇ ತಿಳಿದರು. ಟಾಂಗಾ ಬರಲಿಲ್ಲ, ಆದ್ದರಿಂದ ಗಂಟೆಯೂ ಆಗಲಿಲ್ಲ. ಬಿಂದುಮಾಧವ ತನ್ನ ಪೇರಲ ನೋಡಲು ಹಿಂದುಗಡೆ ಬಂದಾಗ ಗಿಡದ ತುಂಬ ಗಿಳಿಗಳಿದ್ದವು. ಪ್ರದರ್ಶನಕ್ಕೆಂದು ಅವನು ಗುರುತಿಟ್ಟುಕೊಂಡ ಹಣ್ಣು ಗೋಡೆಯ ಮೇಲಿತ್ತು, ಕೆಂಪು ಕೊಕ್ಕಿನದೊಂದು ಅದನ್ನು ಪರೀಕ್ಷಿಸುತ್ತಿತ್ತು. ಕಾವಲುಗಾರ ಡಬ್ಬಿಯ ಮೇಲೆ ಕೂತಿದ್ದ.

“ಮೈಲಾರಪ್ಪಾ, ಏನಿದು?”

ಮೈಲಾರಪ್ಪ ದಿಗ್ಗನೆ ಎದ್ದ. “ಪೇರಲಹಣ್ರಿ, ರಾಯರ.”

“ಅದು ನನಗೂ ಕಾಣ್ತದ. ಗ್ವಾಡಿ ಮ್ಯಾಲ ಯಾರು ಇಟ್ರು?”

“ನಾನಽ ರೀ.”

“ಯಾರಿಗೆ?”

ಮೈಲಾರಪ್ಪ ಹಿಂಬಾಗಿಲತ್ತ ನೋಡಲಿಲ್ಲ. ನೋಡದಿರಲು ಅವನಿಗೆ ಬಹಳ ಕಷ್ಟವಾಗುತ್ತಿತ್ತು. “ಗಿಣಿಗ್ರಿ,” ಎಂದ.

“ಗಿಣಿ ಓಡಸಾಕ ಇಟ್ಕೊಂಡ್ರ ಅವಕ್ಕ ಫರಾಳಾ ಮಾಡಿಸ್ಲಿಕತ್ತೀಯೇನು? ನಾಳಿಂದ ಬರಬ್ಯಾಡ.”

ಅಂಬಾಬಾಯಿ ಹಿಂಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ತಂಬಿಗೆ ಇತ್ತು. ಸುಮ್ಮನಿದ್ದರೆ ಅವನು ಹೋಗುತ್ತಾನೆ. ನಿಜ ಹೇಳಿದರೆ ಮಡಿ ಹೋಗುತ್ತದೆ. ಆಮೇಲೆ ಅವಳು ದೇವರ ಅಡಿಗೆ ಮಾಡುವಂತಿಲ್ಲ, ಪೇಟೆಯ ಆ ನಾಲ್ವರ ಪಂಕ್ತಿಯಲ್ಲಿ ಕೂಡುವಂತಿಲ್ಲ. ಅದರ ಹೊರತು ಅವಳ ಹತ್ತಿರ ಬೇರೆ ಏನೂ ಇರಲಿಲ್ಲ.

“ಬಿಂದ್ಯಾ,” ಎಂದಳು, “ಅವಾ ಗಿಣಿಗೆ ಇಟ್ಟಿಲ್ಲ. ನನಗ ಇಟ್ಟಾನ.”

ಬಿಂದುಮಾಧವ ತಿರುಗಿದ. ಸದ್ದು ಕೇಳಿ ಸುಹಾಸಿನಿಯೂ ಬಂದು ನಿಂತಳು.

“ನಿನಗ? ಅವನು?”

“ಹೂಂ. ದಿನಾ ಇಡ್ತಾನ. ನಾ ತಿಂತೇನಿ.”

“ಅವನ ಕೈಯಿಂದ ತಗೊಂಡು?”

“ಗಿಣಿ ಕಚ್ಚಿದ ಮ್ಯಾಲ ತಗೊಂಡು.”

ವಕೀಲನಿಗೆ ದಾರಿ ಸಿಕ್ಕಿತು. “ಹಂಗಾರ ಗಿಣಿಗೇ ಇಟ್ಟಂಗಾತಲ್ಲ ಅತ್ಯಾ. ಗಿಣಿ ಒಗದದ್ದು ನೀ ತಗೊಂಡಿ. ಅದಕ್ಕೇನೂ ದೋಷಿಲ್ಲ.”

“ಗಿಣಿಗೆ ಅಲ್ಲೋ, ನನಗ. ಗಿಣಿ ಬರೇ ನೆಪ. ಅವಾ ಕೊಟ್ಟದ್ದಂತ ಗೊತ್ತಿದ್ದೇ ತಿಂದೇನಿ.”

ಬಿಂದುಮಾಧವನ ಮುಖದ ಮೇಲೆ ಮೂಡಿದ್ದು ಸಿಟ್ಟಲ್ಲ, ಗಾಬರಿ. ಅತ್ಯಾನ ಮಡಿ ಹೋದರೆ ಆ ಗೋಡೆ ಯಾರದು ಎಂಬ ಪ್ರಶ್ನೆ ಏಳುತ್ತಿತ್ತು. ಅಷ್ಟರಲ್ಲಿ ಮೈಲಾರಪ್ಪನೇ ಬಾಯಿ ಹಾಕಿದ.

“ಖರೇ ಅಲ್ರಿ ರಾಯರ. ಗಿಣಿಗೇ ಇಟ್ಟಿದ್ದೆ. ಅವ್ವಾರು ನನ್ನ ಕೆಲಸಾ ಉಳೀಲಿ ಅಂತ ಸುಳ್ಳು ಹೇಳಾಕತ್ತಾರ್ರಿ.”

“ನೀ ಸುಮ್ಮನಿರೋ ಮೈಲಾರಪ್ಪಾ!” ಎಂದಳು ಅಂಬಾಬಾಯಿ.

“ಇಲ್ರೆವ್ವಾ, ಗಿಣಿಗೇ,” ಎಂದ ಅವನು ಹಟದಿಂದ.

“ನೋಡಿದ್ಯಾ?” ಬಿಂದುಮಾಧವನಿಗೆ ಉಸಿರು ಬಂದಂತಾಯಿತು. ಕೋರ್ಟಿನಲ್ಲಿ ಅವನು ಎಂಥ ಸಾಕ್ಷಿಯನ್ನೂ ಇಷ್ಟು ಬೇಗ ನಂಬಿದವನಲ್ಲ. “ನಿನಗ ಕರುಣಾ ಭಾಳ ಅತ್ಯಾ. ಆದ್ರ ನಿನ್ನಂಥಾಕಿ ಬಾಯಾಗ ಇಂಥ ಮಾತು ಬರಬಾರದು. ಯಾರರ ಕೇಳಿದ್ರ ನಂಬಿಬಿಡ್ತಾರ.”

“ಪಾಪ, ಎಷ್ಟು ಮೃದು ಮನಸ್ಸು ಅತ್ಯಾಂದು,” ಎಂದಳು ಸುಹಾಸಿನಿ. ಅವಳ ಕಣ್ಣಲ್ಲಿ ನಿಜಕ್ಕೂ ನೀರಿತ್ತು.

ಮೈಲಾರಪ್ಪ ಡಬ್ಬಿಯನ್ನು ಗೋಡೆಗೆ ಆನಿಸಿ, ಕವಣೆಯನ್ನು ಹೆಗಲಿಗೆ ಹಾಕಿಕೊಂಡ. “ಬರ್ತೇನ್ರೆವ್ವಾ,” ಎಂದ, ಈ ಸಲ ಕೂಗದೆ. ಅಷ್ಟು ದೂರದಿಂದ ಅದು ಕೇಳಿಸಬಾರದಿತ್ತು. ಕೇಳಿಸಿತು.

ಮಧ್ಯಾಹ್ನ ಬಿಂದುಮಾಧವ ತಾನೇ ಒಂದು ಪೇರಲ ಹರಿದು, ತೊಳೆದು, ಬೆಳ್ಳಿಯ ಬಟ್ಟಲಲ್ಲಿಟ್ಟುಕೊಂಡು ಅಡಿಗೆಮನೆಯ ಹೊಸ್ತಿಲ ಹೊರಗೆ ನಿಂತ. ಹಣ್ಣಿನ ಮೇಲೆ ಒಂದು ಗೀರೂ ಇರಲಿಲ್ಲ.

“ಅತ್ಯಾ, ಹಣ್ಣು ತಿನ್ನು. ಸಿಟ್ಟು ಮಾಡ್ಕೋಬ್ಯಾಡ.”

“ಇವತ್ತು ಏಕಾದಶಿ,” ಎಂದಳು ಅಂಬಾಬಾಯಿ.

ಏಕಾದಶಿಯ ದಿನ ಅವಳ ಬಾಯಿಗೆ ತೊಟ್ಟು ನೀರೂ ಹೋಗುತ್ತಿರಲಿಲ್ಲ. ಸುಹಾಸಿನಿ ಗೋಡೆಯ ಪಂಚಾಂಗ ನೋಡಿ, “ನಾಳೆ ಅಲ್ಲೇನ್ರಿ?” ಎಂದಳು.

“ಸುಮ್ನಿರು. ಅತ್ಯಾ ಹೇಳಿದ ಮ್ಯಾಲ ಮುಗೀತು,” ಎಂದು ಬಿಂದುಮಾಧವ ಬಟ್ಟಲು ತೆಗೆದುಕೊಂಡು ಹೋದ. ಅವಳು ಆ ದಿನ ಹೇಳಿದ ಸುಳ್ಳು ಅದೊಂದೇ, ಅವರು ನಂಬಿದ್ದೂ ಅದೊಂದನ್ನೇ.

ಮರುದಿನ ನಿಜವಾದ ಏಕಾದಶಿ. ಅದನ್ನೂ ಮಾಡಿದಳು. ಗಿಡದಲ್ಲಿ ಹಿಂದೆಂದೂ ಇಲ್ಲದಷ್ಟು ಗಿಳಿಗಳು ಕೂತಿದ್ದವು; ಓಡಿಸುವವರಿರಲಿಲ್ಲ. ಬಿಸಿಲು ಏರಿದಂತೆ ಹಸಿರು, ಕೆಂಪು, ನೇರಳೆ ಒಂದರೊಳಗೊಂದು ಹೊಕ್ಕು ಇಡೀ ಗಿಡ ಅಲುಗಾಡುತ್ತಿತ್ತು. ಎಲ್ಲೂ ನೋಡದಂಥ ಒಂದು ಗಿಳಿ, ಬಾಲವೇ ಮೈಗಿಂತ ಉದ್ದವಾದದ್ದು, ಬಾವಿಯ ರಾಟೆಯ ಮೇಲೆ ಬಂದು ಕೂತು ಅವಳನ್ನು ದಿಟ್ಟಿಸಿತು.

“ಇದು ಯಾವ ಊರಿಂದಪಾ?” ಎಂದು ಅಂಬಾಬಾಯಿ ಗೋಡೆಯವರೆಗೆ ಕೇಳುವಂತೆ ಗಟ್ಟಿಯಾಗಿ ಕೇಳಿದಳು. ಆಮೇಲೆ ಸ್ವಲ್ಪ ಹೊತ್ತು ಕಾದಳು.