ಬೋರ್ಡಿನ ಮೂಲೆಯ ಹೆಸರುಗಳು

ಇಲೊಯಿಲೊ ಸೀಮೆಯ ಆ ಹೈಸ್ಕೂಲಿನಲ್ಲಿ ನಾಟಕದ ಪುಸ್ತಕ ಇದ್ದದ್ದು ಒಂದೇ ಒಂದು. ಅದು ಇಂಗ್ಲಿಷ್ ಕಲಿಸುವ ಮ್ಯಾಮ್ ಪಾಲ್ಮೊನೆಸ್ ಅವರ ಕೈಚೀಲದಲ್ಲಿರುತ್ತಿತ್ತು. ಅದನ್ನು ಒಂದೊಂದೇ ದೃಶ್ಯವಾಗಿ ಬೋರ್ಡಿನ ಮೇಲೆ ಇಳಿಸುವುದು, ಪಕ್ಕದಲ್ಲಿ ಮ್ಯಾಮ್ ಕೊಟ್ಟ ಟಿಪ್ಪಣಿ ಬರೆಯುವುದು ಕ್ಲಾಸಿನ ಕಾರ್ಯದರ್ಶಿ ಜೊವೆಲಿನ್‌ಳ ಕೆಲಸ. ಉಳಿದ ನಲವತ್ತೊಂದು ಜನ ಕುಳಿತು ನೋಡಿ ಬರೆದುಕೊಳ್ಳುವರು. ಮುತ್ತು ಪೋಣಿಸಿದಂಥ ಅಕ್ಷರ ಅವಳದು. ಅವಳನ್ನು ಆರಿಸಿದ್ದೇ ಆ ಅಕ್ಷರಕ್ಕಾಗಿ.

ಆದರೆ ದೀಪದ ಬುಡದಲ್ಲೇ ಕತ್ತಲೆ. ಊರಿಗೆಲ್ಲ ನೋಟ್ಸ್ ಬರೆಸಿದವಳ ನೋಟ್‌ಬುಕ್ಕೇ ಖಾಲಿ. ಬೋರ್ಡಿನ ಮುಂದೆ ನಿಂತವಳಿಗೆ ಕುಳಿತು ಬರೆಯಲು ಹೊತ್ತೆಲ್ಲಿ? ಮೊದಲೆಲ್ಲ ಪಕ್ಕದ ರೊಸೆಲ್‌ಳ ಪುಸ್ತಕವನ್ನು ಮನೆಗೊಯ್ದು ಸಂಜೆ ಬರೆದುಕೊಳ್ಳುತ್ತಿದ್ದಳು. ಮೂರು ವಾರದ ಹಿಂದೆ ಅಮ್ಮನಿಗೆ ಹೆರಿಗೆಯಾಯಿತು. ಅಂದಿನಿಂದ ಶಾಲೆ ಬಿಟ್ಟ ಕೂಡಲೇ ಅನ್ನ ಬೇಯಿಸುವುದು, ಒಣಮೀನು ಹುರಿಯುವುದು, ಕೂಸಿನ ಬಟ್ಟೆ ಒಗೆಯುವುದು. ಎರಡನೇ ಅಂಕದ ಮೊದಲಿನಿಂದಲೇ ಅವಳ ಹಾಳೆಗಳು ಬೆಳ್ಳಗೇ ಉಳಿದವು.

ಇವತ್ತು ಶುಕ್ರವಾರ, ನೋಟ್ಸ್ ತಪಾಸಣೆ. ನೋಟ್ಸ್ ಪೂರ್ತಿ ಇಲ್ಲದವರಿಗೆ ನಾಟಕದಲ್ಲಿ ಪಾತ್ರವಿಲ್ಲ ಎಂಬುದು ಮ್ಯಾಮ್ ಹಾಕಿದ ಕಟ್ಟಳೆ. ಜೊವೆಲಿನ್‌ಗೆ ಸಿಕ್ಕಿದ್ದು ಬೆಸ್ತನ ತಾಯಿಯ ಪಾತ್ರ. ಕಡಲಿಗೆ ಹೋದ ಮಗ ಬರುವವರೆಗೂ ದಡ ಬಿಟ್ಟು ಏಳದ ತಾಯಿ. ಅಕ್ಕಿ ತೊಳೆಯುವಾಗಲೂ ಆ ಮಾತುಗಳನ್ನೇ ಹೇಳಿಕೊಳ್ಳುತ್ತಿದ್ದಳು ಹುಡುಗಿ. ಇವತ್ತು ಅದು ಕೈತಪ್ಪಲಿತ್ತು.

ಯಾರನ್ನಾದರೂ ಕೇಳಬಹುದಿತ್ತಲ್ಲ? ಕೇಳಲಿಲ್ಲ. ಕಾರ್ಯದರ್ಶಿಗೆ ಇನ್ನೊಂದು ಹಾಳು ಕೆಲಸವೂ ಇತ್ತು: ಗಲಾಟೆ ಮಾಡಿದವರ ಹೆಸರನ್ನು ಬೋರ್ಡಿನ ಮೂಲೆಯಲ್ಲಿ ಬರೆಯುವುದು. ಹೆಸರು ಬಿದ್ದವರು ಸಂಜೆ ಅಂಗಳ ಗುಡಿಸಬೇಕು. ವರ್ಷವಿಡೀ ತನ್ನಿಂದಾಗಿ ಪೊರಕೆ ಹಿಡಿದವರ ಮುಂದೆ ಯಾವ ಮುಖ ಹೊತ್ತು ಕೈಚಾಚುವುದು? ಬೆಳಿಗ್ಗೆ ರೊಸೆಲ್ ಒಬ್ಬಳು, "ಯಾಕೇ ಮುಖ ಬಾಡಿದೆ?" ಎಂದು ಬಿಡದೆ ಕೇಳಿದಾಗ ಅವಳಿಗಷ್ಟೇ ಹೇಳಿದ್ದಳು.

ಮ್ಯಾಮ್ ಪುಸ್ತಕ ಕೊಟ್ಟು ಆಫೀಸಿಗೆ ಹೋದರು. ಜೊವೆಲಿನ್ ಕ್ಲಾಸಿಗೆ ಬೆನ್ನು ಹಾಕಿ ಕೊನೆಯ ದೃಶ್ಯ ಬರೆಯತೊಡಗಿದಳು. ಹಿಂದೆ ಗುಸುಗುಸು ಶುರುವಾಯಿತು.

"ನಂಗ್ಯಾಕೋ ಎರಡು? ಅವನಿಗೆ ಒಂದೇ ಕೊಟ್ಟಿದೀಯ!"

"ಮೆತ್ತಗೆ ಮಾತಾಡೋ, ತಿರುಗ್ತಾಳೆ!"

ಕಡಲೇಕಾಯಿ ಹಂಚಿಕೊಳ್ಳುತ್ತಿದ್ದಾರೆ ಎಂದುಕೊಂಡಳು. ತನ್ನ ಪಾತ್ರವೇ ಹೋಗುತ್ತಿರುವಾಗ ಇವರಿಗೆ ತಿನ್ನುವ ಆಟ!

"ಎಲ್ಮರ್, ನಿನ್ ಹೆಸರು ಬರೀತೀನಿ ನೋಡು."

"ಬರಿ ಮಾರಾಯ್ತಿ," ಎಂದ, ಕ್ಲಾಸಿಗೇ ಕಿಲಾಡಿಯಾದ ಎಲ್ಮರ್. "ನಿನ್ ಅಕ್ಷರದಲ್ಲಿ ನನ್ ಹೆಸರು ಎಷ್ಟ್ ಚಂದ ಕಾಣುತ್ತೆ ಗೊತ್ತಾ?"

ಬರೆದಳು. ಗಲಾಟೆ ನಿಲ್ಲಲಿಲ್ಲ, ಇನ್ನೊಂದು ಹೆಸರು, ಮತ್ತೊಂದು. ಗಂಟೆ ಮುಗಿಯುವಷ್ಟರಲ್ಲಿ ಹದಿನಾಲ್ಕಾಗಿದ್ದವು. ಕೊನೆಯದು ರೊಸೆಲ್‌ಳದು. ಅದನ್ನು ಬರೆಯುವಾಗ ಅವಳಿಗೆ ಅಳುವೇ ಬಂತು.

ಮ್ಯಾಮ್ ಬಂದರು. ಒಬ್ಬೊಬ್ಬರೇ ಮೇಜಿನ ಬಳಿ ಹೋಗಿ ನೋಟ್ಸ್ ತೋರಿಸಿದರು. ಜೊವೆಲಿನ್ ಸರದಿ ಬಂದಾಗ ತಪ್ಪೊಪ್ಪಿಕೊಳ್ಳುವುದೇ ಸರಿಯೆಂದು ಎದ್ದಳು. ಅಷ್ಟರಲ್ಲಿ ರೊಸೆಲ್ ಜೊವೆಲಿನ್‌ಳದೇ ನೋಟ್‌ಬುಕ್ಕನ್ನು ಅವಳ ಕೈಗೆ ತುರುಕಿ, "ಹೋಗೇ, ಸುಮ್ನೆ ಹೋಗು," ಎಂದಳು.

ನೋಟ್‌ಬುಕ್ ದಪ್ಪಗಾಗಿತ್ತು. ಒಳಗೆ ಬಿಡಿ ಹಾಳೆಗಳನ್ನಿಟ್ಟು ಕರಿ ದಾರದಲ್ಲಿ ಹೊಲಿದಿದ್ದರು. ಎರಡನೇ ಅಂಕದ ಮೊದಲ ಹಾಳೆ ರೊಸೆಲ್‌ಳ ಗುಂಡಗಿನ ಅಕ್ಷರದಲ್ಲಿತ್ತು. ಆಮೇಲಿನದು ಎಲ್ಮರನ ಕಾಗೆಕಾಲು, ಮುಂದಿನದು ಯಾರದೋ ಹಸಿರು ಶಾಯಿ. ಒಬ್ಬ ಅಂಚಿನಲ್ಲಿ ಮೀನಿನ ಚಿತ್ರವನ್ನೂ ಬರೆದಿದ್ದ. ಈಗಷ್ಟೇ ಬೋರ್ಡಿಗೆ ಇಳಿಸಿದ ಕೊನೆಯ ದೃಶ್ಯವೂ ಅಲ್ಲಿತ್ತು.

ಮ್ಯಾಮ್ ಹಾಳೆ ತಿರುವಿದರು. "ಇದು ನಿನ್ನ ಅಕ್ಷರ ಅಲ್ವಲ್ಲ?"

"ಅಲ್ಲ ಮ್ಯಾಮ್."

"ಮತ್ತೆ ಯಾರ್ದು?"

ಜೊವೆಲಿನ್ ಕೈಯೆತ್ತಿ ಬೋರ್ಡಿನ ಮೂಲೆ ತೋರಿಸಿದಳು. "ಹೆಸರೆಲ್ಲ ಅಲ್ಲೇ ಬರ್ದಿದೀನಿ ಮ್ಯಾಮ್."

ಮ್ಯಾಮ್ ಕನ್ನಡಕ ಸರಿಮಾಡಿಕೊಂಡು ಹದಿನಾಲ್ಕು ಹೆಸರನ್ನೂ ಓದಿದರು. "ಇದಕ್ಕಾ ಅಷ್ಟು ಗಲಾಟೆ?"

"ಹಾಳೆ ಹಂಚೋದ್ರಲ್ಲಿ ಜಗಳ ಆಯ್ತು ಮ್ಯಾಮ್," ಎಂದ ಎಲ್ಮರ್. "ಇವಳು ಬರ್ಸಿದ್ದು ಒಂದಾ, ಎರಡಾ? ನಮ್ ಬೆರಳೇ ಸವೆದುಹೋಯ್ತು."

ಮ್ಯಾಮ್ ನಗಲಿಲ್ಲ. "ಬರೆದವರು ಇವರು. ನಿನಗೇನು ಗೊತ್ತು? ಬೋರ್ಡ್ ನೋಡದೆ ಹೇಳು, ಕೊನೆಯಲ್ಲಿ ತಾಯಿ ಏನಂತಾಳೆ?"

ಜೊವೆಲಿನ್ ಗೆಳೆಯರತ್ತ ತಿರುಗಿದಳು. ಬೋರ್ಡಿಗೆ ಇಳಿಸುವಾಗಲೇ ಬಾಯಿಪಾಠವಾಗಿದ್ದ ಮಾತು. "ನಾನೊಬ್ಬಳೇ ಕಾಯ್ತಿದೀನಿ ಅಂದ್ಕೊಂಡಿದ್ದೆ. ತಿರುಗಿ ನೋಡಿದ್ರೆ ಊರಿಗೆ ಊರೇ ನನ್ನ ಹಿಂದೆ ನಿಂತಿದೆ."

ಮ್ಯಾಮ್ ಹಾಳೆಯ ಮೇಲೆ ಕೆಂಪು ಗುರುತು ಹಾಕಿದರು. "ಪಾತ್ರ ನಿನ್ನದೇ. ಆದ್ರೆ ಗಲಾಟೆ ಗಲಾಟೆನೇ. ಹೆಸರು ಬಿದ್ದವರು ಸಂಜೆ ಅಂಗಳ ಗುಡಿಸಿ ಹೋಗಿ."

ಜೊವೆಲಿನ್‌ಳ ಎದೆ ತುಂಬಿಬಂದಿತ್ತು. ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೂಲೆಗೆ ಹೋದಳು. ರೊಸೆಲ್‌ಳ ಹೆಸರಿನ ಕೆಳಗೆ ಹದಿನೈದನೆಯದಾಗಿ ತನ್ನ ಹೆಸರನ್ನು ಬರೆದಳು.

"ಲೇ, ನಿಂಗೆ ಮನೇಲಿ ಕೂಸಿದೆ," ಎಂದಳು ರೊಸೆಲ್.

"ಹದಿನೈದು ಪೊರಕೆ ಇದ್ರೆ ಎಷ್ಟೊತ್ತೇ?" ಎಂದು ಕಣ್ಣೊರೆಸಿಕೊಂಡಳು ಜೊವೆಲಿನ್.